ನಡುವಿನ ಎರಡು ನಾಲ್ಕು

ರೈನೊ ಮಟ್ಟಿಲ ಮೂವತ್ತೊಂದು ವರ್ಷ ಹ್ಯಾನ್‌ಕಾಕ್‌ನ ರಸ್ತೆಗಳಲ್ಲಿ ಹಿಮ ತೆಗೆಯುವ ಲಾರಿ ಓಡಿಸಿದವನು. ಅವನಿಗೆ ಗಣಿತದ ಹುಚ್ಚು ಹಿಡಿಸಿದ್ದು ಹೆಂಡತಿ ಎಲ್ವಿ, ನನ್ನ ಜೊತೆಯ ಟೀಚರ್. ನಿವೃತ್ತನಾದ ಮೇಲೆ ನೆಲಮಾಳಿಗೆಯ ಹಳೇ ಕಂಪ್ಯೂಟರಿನ ಮುಂದೆ ಕೂತು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕತೊಡಗಿದ. ಹಿಂದಿನಿಂದ ಓದಿದರೂ ಅದೇ ಸಂಖ್ಯೆ ಬರಬೇಕು, ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗಬಾರದು. ಇಂಥದಕ್ಕೆ ಆಯುಸ್ಸು ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಎಲ್ವಿಯ ಕ್ಯಾನ್ಸರ್ ಮೂಳೆಗಿಳಿದಾಗ, ವಸಂತದಲ್ಲಿ ಊರ ಕಾಲುವೆಯ ಮಂಜುಗಡ್ಡೆ ಒಡೆಯುವವರೆಗೆ ಇರಬಹುದು ಎಂದರು ಡಾಕ್ಟರು. ಅಷ್ಟರೊಳಗೆ ಅವಳ ಜನ್ಮದಿನ ೧೦-೮-೧೯೪೪, ಅಂದರೆ ೧೦೮೧೯೪೪, ನಡುವೆ ಕೂತ ಅವಿಭಾಜ್ಯವೊಂದನ್ನು ಅವಳ ಕೈಗಿಡಬೇಕೆಂದು ರೈನೊ ಹಟ ಹಿಡಿದ. ಎರಡೂ ತುದಿಗಳಲ್ಲಿ ೧, ನಡುವೆ ಜನ್ಮದಿನ ಮತ್ತದರ ತಿರುಗುಮುರುಗು, ಮಿಕ್ಕದ್ದೆಲ್ಲ ಸೊನ್ನೆ. ಒಂದೊಂದರ ಪರೀಕ್ಷೆಗೂ ಕಂಪ್ಯೂಟರಿಗೆ ಹತ್ತೊಂಬತ್ತು ದಿನ. ಮೂರು ಸಂಖ್ಯೆಗಳು ಬಿದ್ದುಹೋದವು. ಅವನು ಊಟ ಬಿಟ್ಟ, ಗಡ್ಡ ಬಿಟ್ಟ.

ಮಾರ್ಚಿನಲ್ಲಿ ಒಂದು ದಿನ ಎಲ್ವಿಯ ಹಾಸಿಗೆಯ ಪಕ್ಕದಲ್ಲೇ ನನಗೆ ಹೇಳಿದ.

“ತಪ್ಪೆಲ್ಲಿ ಅಂತ ಗೊತ್ತಾಯ್ತು ಹೆಲ್ಮಿ. ಅವ್ಳ ಜನ್ಮದಿನದ ಕೊನೇ ನಾಲ್ಕನ್ನ ಎರಡೂ ಕಡೆಗೆ ಸೇರಿಸಿ ಒಂದೇ ಸಲ ಬರೀತಿದ್ದೆ. ಜಿಪುಣತನ. ಈ ಸಲ ಎರಡು ಸಲ ಬರ್ದಿದೀನಿ. ಒಟ್ಟು ಎಂಟು ಲಕ್ಷದ ಹದಿನಾಲ್ಕು ಅಂಕಿ.”

“ಮೊದ್ಲು ಚಿಕ್ಕ ಸಂಖ್ಯೆಗಳಿಂದ ಭಾಗಿಸಿ ನೋಡಿದ್ಯಾ?”

“ಅಂಕಿ ಕೂಡಿ ನೋಡ್ದೆ, ಮೂರರಿಂದ ಹೋಗಲ್ಲ. ಮಿಕ್ಕಿದ್ದಕ್ಕೆ ಟೈಮೆಲ್ಲಿದೆ? ಸೀದಾ ಪರೀಕ್ಷೆಗೆ ಹಾಕ್ದೆ. ನಾಲ್ಕು ದಿನ ಆಯ್ತು.”

ಅವನು ಮೀನಿನ ಸಾರು ಬಿಸಿ ಮಾಡಲು ಹೋದ. ಹಿಂದುಮುಂದು ಒಂದೇ ಆಗಿರುವ ಸಂಖ್ಯೆಯಲ್ಲಿ ಅಂಕಿಗಳು ಸಮಸಂಖ್ಯೆಯಲ್ಲಿದ್ದರೆ ಅದು ಹನ್ನೊಂದರಿಂದ ಭಾಗವಾಗಲೇಬೇಕು. ೧೨೨೧ ನೋಡಿ, ೪೫೫೪ ನೋಡಿ. ಎಲ್ವಿ ಪ್ರತಿ ವರ್ಷ ಆರನೇ ಕ್ಲಾಸಿಗೆ ಕಲಿಸುತ್ತಿದ್ದ ಪಾಠ. ಆ ಪೆದ್ದನನ್ನು ಹಿಡಿದು ಬಾರಿಸಬೇಕು ಅನ್ನಿಸಿತು, ಅಳುವೂ ಬಂತು.

“ಹನ್ನೊಂದು ಅಲ್ವಾ?” ಎಲ್ವಿ ಕಣ್ಣು ತೆರೆಯದೆಯೇ ಕೇಳಿದಳು.

“ನಿಂಗೆ ಗೊತ್ತಿತ್ತಾ?”

“ಮೊದಲ್ನೇ ದಿನಾನೇ. ಬಾಯಿ ಬಿಡ್ಬೇಡ ಕಣೇ. ಇನ್ನೊಂದು ಶುರು ಮಾಡಿದ್ರೆ ಅದು ಮುಗಿಯೋವರ್ಗೂ ನಾನಿರಲ್ಲ. ಇದು ಓಡ್ತಾ ಇದ್ರೆ ರಾತ್ರಿ ಎರಡು ಗಂಟೆನಾದ್ರೂ ನಿದ್ದೆ ಮಾಡ್ತಾನೆ.”

ಪರೀಕ್ಷೆ ಶುರುವಾದ ಹದಿನಾರನೆಯ ದಿನ ಎಲ್ವಿ ಹೋದಳು. ಕಾಲುವೆಯಲ್ಲಿ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿತ್ತು. ಅಂತ್ಯಕ್ರಿಯೆಯ ಮಾರನೆಯ ದಿನ ರೈನೊ ನನ್ನನ್ನು ನೆಲಮಾಳಿಗೆಗೆ ಕರೆದ. ಪರದೆಯ ಮೇಲೆ ಒಂದೇ ಸಾಲು: ಅವಿಭಾಜ್ಯವಲ್ಲ. ಯಾವುದರಿಂದ ಭಾಗವಾಗುತ್ತದೆ ಎಂದು ಆ ಪರೀಕ್ಷೆ ಹೇಳುವುದಿಲ್ಲ.

“ಇದು ಗೊತ್ತಾಗೋ ಮೊದ್ಲೇ ಹೋದ್ಳಲ್ಲ ಹೆಲ್ಮಿ,” ಎಂದ. “ಅದೊಂದೇ ಸಮಾಧಾನ.”

“ಹೂಂ,” ಎಂದೆ.