ಸತ್ತ ಕ್ಯಾಮೆರಾ ಹಿಡಿದು ಕೂತವನು

ನೀಲಮ್ಮ, ನಿಮ್ಮ ಅವ್ವನ ಹಾಡನ್ನು ನಾನು ರೆಕಾರ್ಡ್ ಮಾಡಲೇ ಇಲ್ಲ. ಕ್ಯಾಮೆರಾದ ಚಿಪ್ ಕೆಟ್ಟಿತು ಅಂದದ್ದು ಸುಳ್ಳು. ಏಳು ವರ್ಷ ಈ ಸುಳ್ಳು ನುಂಗಿಕೊಂಡೇ ನಿಮ್ಮ ಕೈಯ ಬಿಸಿಯೂಟ ಉಂಡೆ — ಮಕ್ಕಳಿಗೆ ನೀತಿ ಹೇಳುವ ಮಾಸ್ತರ ನಾನು. ನಾಚಿಕೆಗೇಡಿ.

ಹಳೆಯ ಹಾಡು ಕೂಡಿಡುವ ಹುಚ್ಚು ನನ್ನದು. ಕ್ಯಾಮೆರಾ ಕೊಳ್ಳಲು ಯಾದಗಿರಿಗೆ ಹೊರಟಾಗ ನೀವು ಶಾಲೆಯ ಅಡುಗೆಮನೆಯಿಂದ ಹೊರಗೆ ಬಂದು ಹೇಳಿದಿರಿ: "ಸರ್, ನಮ್ಮ ತವರು ಹೊಳಿ ನಡುವಿನ ಗಡ್ಡಿರಿ. ಮಳಿಗಾಲದಾಗ ವಾರಗಟ್ಟಲೆ ಕರೆಂಟ್ ಇರಂಗಿಲ್ಲ. ಬ್ಯಾಟರಿ ತೆಗೆದು ಬ್ಯಾರೆ ಹಾಕಾಕ ಬರೂದು ತಗೋರಿ." ಅಂಗಡಿಯಲ್ಲಿ ಅಂಥದ್ದು ಇತ್ತು. ದಪ್ಪನೆಯದು, ಮೈಗೆಲ್ಲ ರಬ್ಬರ್, ನೀರು ಧೂಳಿಗೆ ಜಗ್ಗದ್ದು, ಜೊತೆಗೆ ಎರಡು ಬ್ಯಾಟರಿ. ನಾನು ಅದನ್ನು ಸರಿಸಿ ತೆಳ್ಳಗೆ ಮಿಂಚುವುದನ್ನು ಎತ್ತಿಕೊಂಡೆ, ಬ್ಯಾಟರಿ ಒಳಗೇ ಕೂತಿರುವಂಥದ್ದು. ನನ್ನ ಬಳಿ ಸೋಲಾರ್ ಚಾರ್ಜರ್ ಇದೆಯಲ್ಲ ಅಂದುಕೊಂಡೆ. ಅಡುಗೆಯಾಕೆಗೆ ಕ್ಯಾಮೆರಾ ಏನು ತಿಳಿಯುತ್ತದೆ — ಹೌದು, ಹೀಗೂ ಅಂದುಕೊಂಡೆ. ಬರೆಯುವಾಗ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಸುರಪುರ ದಾಟಿ, ಹರಿಗೋಲಿನಲ್ಲಿ ಗಡ್ಡಿಗೆ ಹೋದೆವು. ಎರಡು ದಿನ ಸೂರ್ಯ ಕಾಣಲಿಲ್ಲ. ಎಲ್ಲರ ಮೊಬೈಲೂ ಆರಿದವು. ನಾನೋ ದನ, ಗುಡ್ಡ, ಹೊಳೆ ಅಂತ ಕಂಡಕಂಡದ್ದನ್ನೆಲ್ಲ ತೆಗೆದು ಬ್ಯಾಟರಿ ಹಿಂಡಿಬಿಟ್ಟಿದ್ದೆ. ಮೂರನೆಯ ದಿನ ನಿಮ್ಮ ಅವ್ವ ಒಪ್ಪಿದರು. ಹೊಳೆಯಲ್ಲಿ ಮುಳುಗಿದ ಗಂಡನಿಗಾಗಿ ಹಾಡ್ಯಾಡಿ ಅತ್ತ ಹಾಡು — ಸಾವಿಲ್ಲದ ಮನೆಯೊಳಗೆ ಅದನ್ನು ಹಾಡಬಾರದು, ಅದಕ್ಕೇ ದಂಡೆಗೆ ಬಂದು ಕೂತರು. "ಒಮ್ಮಿ ಹಾಡ್ತೀನಿ, ತಲಿಮ್ಯಾಲ ನೀರು ಹಾಕ್ಕೊಂಡು ಮನಿಗೆ ಹೋಗ್ತೀನಿ. ಮತ್ತ ಕೇಳಬ್ಯಾಡ್ರಿ."

ಗುಂಡಿ ಒತ್ತಿದೆ. ಪರದೆ ಕಪ್ಪಗೇ ಇತ್ತು. ತಡೀರಿ ಅವ್ವಾ ಅಂತ ಒಂದು ಮಾತು ಅಂದಿದ್ದರೆ... ಬಾಯಿ ತೆಗೆಯಲಿಲ್ಲ. ನೀವು ಪಕ್ಕದಲ್ಲೇ ನಿಂತಿದ್ದಿರಿ, ನಿಮ್ಮೆದುರು ಸಣ್ಣವನಾಗಲು ಮನಸ್ಸಾಗಲಿಲ್ಲ. ಆಕೆ ಮುಗಿಸುವವರೆಗೂ ಆ ಸತ್ತ ಡಬ್ಬಿ ಹಿಡಿದು ತಲೆಯಾಡಿಸುತ್ತ ಕೂತೆ.

ನೀವು ಹಾಡಿನ ವಿಡಿಯೊ ಕೇಳಿದಾಗಲೆಲ್ಲ, ಎರಡು ತಿಂಗಳು ಇಂದು ಕೊಡ್ತೀನಿ ನಾಳೆ ಕೊಡ್ತೀನಿ ಅಂತ ಸಾಗಹಾಕಿದೆ. ಅಷ್ಟರಲ್ಲಿ ಆಕೆ ತೀರಿಕೊಂಡರು. ಮಣ್ಣಿಗೆ ಒಯ್ಯುವ ಮೊದಲು ಆ ಹಾಡು ಹಚ್ಚಬೇಕು, ನನಗೆ ಪೂರ್ತಿ ಬರಂಗಿಲ್ಲ ಅಂತ ನೀವು ಫೋನ್ ಮಾಡಿದಿರಿ. ಆಗಲೇ ಚಿಪ್ ಕೆಟ್ಟಿತೆಂಬ ಸುಳ್ಳು ಹೇಳಿದ್ದು. ಹೆಣದ ಪಕ್ಕ ಕೂತು ನೀವು ನನಗೇ ಸಮಾಧಾನ ಹೇಳಿದಿರಿ: "ಇರ್ಲಿ ಬಿಡ್ರಿ ಸರ್. ನೀವೇನ್ ಬೇಕಂತ ಮಾಡೀರೇನು?"

ಬೇಕಂತಲೇ ಮಾಡಿದೆ, ನೀಲಮ್ಮ. ನಾಳೆ ಅಡುಗೆಮನೆಗೆ ಬಂದು ಇದನ್ನೇ ನಿಮ್ಮ ಮುಖ ನೋಡಿ ಹೇಳುತ್ತೇನೆ. ಬೈಯಿರಿ, ಊರ ಮುಂದೆ ಬೈಯಿರಿ. ಇರ್ಲಿ ಬಿಡ್ರಿ ಅಂತ ಮಾತ್ರ ಅನ್ನಬೇಡಿ.