ವಿರುಪಮ್ಮ ಹಿಡಿದ ಸರ್ಕಾರಿ ವೀಳ್ಯ

ಬಯಲಾಟದವರಲ್ಲಿ ವೀಳ್ಯ ಅಂದರೆ ವೀಳ್ಯ. ಎಲೆ, ಅಡಿಕೆ, ಮೇಲೊಂದು ಕುಪ್ಪಸದ ಕಣ. ಸೆರಗೊಡ್ಡಿ ಅದನ್ನು ಹಿಡಿದ ಮೇಲೆ ಮುಗಿಯಿತು, ಆ ದಿನ ಆ ಊರಿನದು. ಕಂಪ್ಲಿಯ ವಿರುಪಮ್ಮ ಮೂವತ್ತು ವರ್ಷ ಹೀಗೆ ವೀಳ್ಯ ಹಿಡಿದುಕೊಂಡೇ ಬಂದವಳು. ಸುತ್ತಲ ಹಳ್ಳಿಗಳಲ್ಲಿ ರೈತರೇ ಆಟ ಕಲಿಯುತ್ತಾರೆ. ರಾಜನೂ ಅವರೇ, ರಾಕ್ಷಸನೂ ಅವರೇ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಇವಳಂಥವರನ್ನು ಕರೆಸಬೇಕು. ಜ್ವರದಲ್ಲಿ ಮೈ ಸುಡುತ್ತಿದ್ದಾಗಲೂ ಹೋಗಿದ್ದಾಳೆ. ತಾಯಿಯನ್ನು ಮಣ್ಣು ಮಾಡಿದ ವಾರದಲ್ಲೇ ಬುಕ್ಕಸಾಗರಕ್ಕೆ ಹೋಗಿ ಬಣ್ಣ ಹಚ್ಚಿದ್ದಾಳೆ. ಜನ ಬಾಯಿಗೆ ಬಂದಂತೆ ಆಡಿಕೊಂಡರು. "ವೀಳ್ಯ ಹಿಡಿದಿದ್ನೆಪ್ಪಾ" ಅನ್ನುವುದೊಂದೇ ಅವಳ ಉತ್ತರ.

ಗಂಡ ಯಶವಂತನಗರದಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಮದುವೆಯಾದ ಹೊಸದರಲ್ಲೇ, "ಆಟನಾದ್ರೂ ಬಿಡು, ಇಲ್ಲಾ ನನ್ನನ್ನಾದ್ರೂ ಬಿಡು" ಎಂದು ಗದರಿಸಿದ. ಅವನ ದುರದೃಷ್ಟ, ಆ ವಾರ ವಿರುಪಮ್ಮ ವೀಳ್ಯ ಹಿಡಿದಾಗಿತ್ತು. ಅವನನ್ನೇ ಬಿಟ್ಟಳು. ಆಮೇಲೆ ಆ ಬಗ್ಗೆ ಅತ್ತಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಅವಳಿಗಿದ್ದದ್ದು ಒಂದೇ ಆಸೆ. ಹೊಸಪೇಟೆಯಲ್ಲಿ ಸರ್ಕಾರದವರು ವರ್ಷವರ್ಷ ಜನಪದ ಉತ್ಸವ ಮಾಡುತ್ತಾರೆ. ಹೆಸರಿಗೆ ಜನಪದ. ಸಂಜೆಯ ದೊಡ್ಡ ವೇದಿಕೆಗೆ ಸಿನಿಮಾದವರು ಬರುತ್ತಾರೆ. ಬಯಲಾಟದವರಿಗೆ ಮೂಲೆಯ ಶಾಮಿಯಾನ, ಮಧ್ಯಾಹ್ನದ ಉರಿಬಿಸಿಲು, ಮುಂದೆ ಖಾಲಿ ಕುರ್ಚಿಗಳು. ಅಲ್ಲಿ ಖಾಲಿ ಕುರ್ಚಿಗಳಿಗೆ ಕೈಮುಗಿದು ಕುಣಿದು ಬಂದಾಗಲೆಲ್ಲ ವಿರುಪಮ್ಮನ ಮೈ ಉರಿಯುತ್ತಿತ್ತು. ಒಮ್ಮೆಯಾದರೂ ಆ ದೊಡ್ಡ ವೇದಿಕೆ ಹತ್ತಬೇಕು, ಆ ದೀಪಗಳ ಕೆಳಗೆ ನಿಂತು ಹಾಡಬೇಕು, ಹಾಡಿದವಳು ಯಾರೆಂದು ಊರೆಲ್ಲ ನೋಡಬೇಕು. ವಯಸ್ಸು ಐವತ್ತು ದಾಟಿತ್ತು. ಕುಣಿದ ಮಾರನೆಯ ದಿನ ಮೊಣಕಾಲು ಹಿಡಿದುಕೊಳ್ಳುತ್ತಿದ್ದವು. ಇನ್ನು ತಡವಾದರೆ ಆಗುವುದಿಲ್ಲವೆಂದು ಅವಳಿಗೇ ಗೊತ್ತಿತ್ತು.

ಹೀಗಿರುವಾಗ ಒಂದು ದಿನ ಹುಲುಗೇಶ್ ಬಂದ. ಇಪ್ಪತ್ತು ವರ್ಷ ಅವಳ ರಾಣಿ ಪಾತ್ರಕ್ಕೆ ರಾಜನಾಗಿ ನಿಂತವನು. ಬಣ್ಣ ಕಳಚಿದರೆ ಬಾಯಿ ತುಂಬ "ಅಕ್ಕ" ಅನ್ನುವವನು. ಈಚೆಗೆ ಉತ್ಸವದ ಸಮಿತಿ ಸೇರಿ ಇಸ್ತ್ರಿ ಅಂಗಿ ಹಾಕಲು ಕಲಿತಿದ್ದ. ಜೊತೆಯಲ್ಲಿ ಇಲಾಖೆಯ ಅಧಿಕಾರಿ ಅಕ್ಷೋಭ್ಯ, ಭಾಳ ಮರ್ಯಾದಸ್ಥ ಹುಡುಗ, ಹೊಸ್ತಿಲಾಚೆಯೇ ಚಪ್ಪಲಿ ಬಿಟ್ಟು ಬಂದ.

"ಅಕ್ಕ, ಈ ಸಲ ದೊಡ್ಡ ವೇದಿಕೆ ನಮ್ಮ ಆಟಕ್ಕ ಸಿಕ್ಕೈತಿ. ರಾಣಿ ಪಾತ್ರ ನಿಂದ" ಎಂದ ಹುಲುಗೇಶ್.

"ಮೊದಲು ಹಾಡುಗಳನ್ನ ರೆಕಾರ್ಡ್ ಮಾಡ್ಕೋತೀವಮ್ಮ. ನಿಮ್ಮಂಥ ದನಿ ಉಳೀಬೇಕಲ್ಲ" ಎಂದ ಅಕ್ಷೋಭ್ಯ.

ವಿರುಪಮ್ಮ ಅಧಿಕಾರಿಯ ಮಾತಿಗೆ ತಲೆಯಾಡಿಸಿದಳಷ್ಟೇ. ಅವಳ ಕಣ್ಣೆಲ್ಲ ಹುಲುಗೇಶನ ಕೈಯ ಮೇಲಿತ್ತು. ಅವನು ಚೀಲದಿಂದ ಎಲೆ ಅಡಿಕೆ ತೆಗೆದ. ಸರ್ಕಾರದವರು ವೀಳ್ಯ ಕೊಡುವುದನ್ನು ಕಂಪ್ಲಿ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಅವಳು ಸೆರಗೊಡ್ಡಿ ಹಿಡಿದು ಕಣ್ಣಿಗೊತ್ತಿಕೊಂಡಳು. ಯಾವ ಊರು, ಯಾವ ದಿನ ಎಂಬುದಷ್ಟೇ ಕೇಳಿ ವೀಳ್ಯ ಹಿಡಿಯುವ ಕೈಗೆ ಬೇರೆ ಪ್ರಶ್ನೆ ಹೊಳೆಯುವುದಾದರೂ ಹೇಗೆ?

ಎರಡು ವಾರವಾದ ಮೇಲೆ ಎಮ್ಮಿಗನೂರಿನ ದೊಡ್ಡಬಸಪ್ಪ ಗೌಡರು ಬಂದರು. ಅವಳು ಮೊಟ್ಟಮೊದಲು ಬಣ್ಣ ಹಚ್ಚಿದ ಊರು ಅದು. ಅವರ ಆಟವೂ ಅದೇ ದಿನ.

"ಆಗಂಗಿಲ್ರಿ ಗೌಡ್ರ, ವೀಳ್ಯ ಹಿಡಿದೀನಿ."

"ಸರ್ಕಾರದ ವೀಳ್ಯ ನಮಗಿಂತ ದೊಡ್ಡದಾತೇನವ್ವ?"

"ಮೊದಲು ಬಂದದ್ದು ದೊಡ್ಡದ್ರಿ."

ಗೌಡರು ಚಹಾ ಕುಡಿಯದೆ ಎದ್ದುಹೋದರು. ಅವಳಿಗೆ ಸಂಕಟವಾಯಿತು, ಆದರೂ ಮನಸ್ಸು ಅಲುಗಲಿಲ್ಲ.

ಹೊಸಪೇಟೆಯ ಸ್ಟುಡಿಯೊದಲ್ಲಿ ಕಿವಿಗೆ ಅದೇನೋ ಸಿಕ್ಕಿಸಿ, ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಒಬ್ಬಳನ್ನೇ ನಿಲ್ಲಿಸಿ ಹಾಡಿಸಿಕೊಂಡರು. ಎಲ್ಲವೂ ಕಾಡುಪಾಲಾದ ರಾಣಿಯ ಅಳುವಿನ ಪದಗಳು. ಎದುರಿಗೆ ಜನರಿಲ್ಲದೆ ಅವಳಿಗೆ ಹಾಡು ಏಳಲೊಲ್ಲದು. ಕಣ್ಣು ಮುಚ್ಚಿ ಆ ದೊಡ್ಡ ವೇದಿಕೆಯನ್ನೇ ನೆನೆಸಿಕೊಂಡು ಹಾಡಿದಳು. ದುಡ್ಡಿನಲ್ಲೇನೂ ಮೋಸ ಮಾಡಲಿಲ್ಲ, ಅಲ್ಲೇ ಕೊಟ್ಟು ಕಳಿಸಿದರು. ಅವಳು ಇದನ್ನೆಲ್ಲ ತಾಲೀಮು ಅಂದುಕೊಂಡಿದ್ದಳು.

ಉತ್ಸವದ ದಿನ ಬಣ್ಣದ ಪೆಟ್ಟಿಗೆ ಹಿಡಿದು, ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದಳು. ವೇದಿಕೆಯ ಹಿಂದೆ ಕಾಲೇಜಿನ ಹುಡುಗಿಯೊಬ್ಬಳು ರಾಣಿಯ ಕಿರೀಟ ಹಾಕಿಕೊಂಡು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದಳು. ವಿರುಪಮ್ಮ ಹುಡುಗಿಯನ್ನು ನೋಡಿದಳು, ಹುಲುಗೇಶನನ್ನು ನೋಡಿದಳು.

"ಈಕಿ ಯಾರೋ ತಮ್ಮಾ?"

ಹುಲುಗೇಶ್ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. "ಸಿಟ್ಟಾಗಬ್ಯಾಡಕ್ಕ. ಹುಡುಗ್ಯಾರು ಕುಣೀತಾರ, ಬಾಯಿ ಆಡಿಸ್ತಾರ. ದನಿ ನಿಂದ ಇರ್ತೈತಿ. ಈಗಿನ ಮಂದಿಗೆ ಹಿಂಗ ಮಾಡಿದ್ರ ಕಲೆ ಉಳೀತೈತಿ ಅಂತಾರ ಸಾಹೇಬ್ರು."

"ವೀಳ್ಯ ಕೊಡುವಾಗ ನಿನಗಿದು ಗೊತ್ತಿತ್ತೇನು?"

ಅವನು ಅಂಗಿಯ ತೋಳು ಸರಿಮಾಡಿಕೊಂಡ. "ಗೊತ್ತಿತ್ತಕ್ಕ. ಹೇಳಿದ್ರ ನೀನು ಹಾಡ್ತಿರಲಿಲ್ಲ. ವೀಳ್ಯ ಕೊಟ್ರ ಮರುಮಾತಾಡಂಗಿಲ್ಲ ಅಂತ ನಾನೇ ಅವರಿಗೆ ಹೇಳಿದ್ದೆ."

ಸರ್ಕಾರದವರಿಗಾದರೋ ವೀಳ್ಯದ ಮರ್ಮ ಗೊತ್ತಿರಲಿಲ್ಲ. ಹೇಳಿಕೊಟ್ಟವನು ಇವನು! ಅವಳ ಜೊತೆ ಒಂದೇ ಬುತ್ತಿ ಬಿಚ್ಚಿ ಉಂಡವನು, ಆಟ ಮುಗಿದು ಬರುವಾಗ ಅವಳ ಪೆಟ್ಟಿಗೆ ಹೊತ್ತವನು. ವಿರುಪಮ್ಮನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೈ ಏಳಲಿಲ್ಲ.

ಅಕ್ಷೋಭ್ಯ ಓಡಿಬಂದು, "ಬರ್ರಿ ಅಮ್ಮ, ಮುಂದೆ ಕುಂದ್ರಿ, ನಿಮಗಂತ ಸೀಟು ಇಟ್ಟೀವಿ" ಎಂದ. ಅವಳು ಆ ಸೀಟಿಗೆ ಹೋಗಲಿಲ್ಲ. ಜನರ ನಡುವೆ ಎಲ್ಲೋ ಖಾಲಿಯಿದ್ದ ಕುರ್ಚಿಯಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೂರದೆ ಹೊರಟುಬಿಡಬಹುದಿತ್ತು. ಆದರೆ ತನ್ನ ದನಿಯನ್ನು ಅಲ್ಲಿ ಒಂಟಿಯಾಗಿ ಬಿಟ್ಟುಹೋಗಲು ಅವಳಿಗೆ ಮನಸ್ಸು ಬರಲಿಲ್ಲ.

ದೀಪಗಳು ಹೊತ್ತಿದವು. ಮೈದಾನದ ನಾಲ್ಕೂ ಮೂಲೆಗಳಿಂದ ಅವಳ ದನಿ ಎದ್ದಿತು. ಅವಳಿಗೇ ಮೈ ಜುಮ್ಮೆಂದಿತು, ತಾನು ಇಷ್ಟು ಚೆನ್ನಾಗಿ ಹಾಡುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ಎರಡನೆಯ ಪದಕ್ಕೆ ತಡೆಯಲಾಗದೆ ತಾನೂ ಹಾಡತೊಡಗಿದಳು. ಮುಂದಿನ ಸಾಲಿನ ಗಂಡಸು ತಿರುಗಿ, "ಏ ಯಮ್ಮಾ, ಸುಮ್ನಿರ್ರಿ, ಹಾಡು ಕೇಳವಲ್ದು" ಎಂದು ಗದರಿದ. ಅವಳು ಬಾಯಿ ಮುಚ್ಚಿದಳು.

ಪದ ಮುಗಿದು ಮೈದಾನವೆಲ್ಲ ಚಪ್ಪಾಳೆ ತಟ್ಟಿತು. ಕಿರೀಟದ ಹುಡುಗಿ ಬಾಗಿ ಬಾಗಿ ಕೈಮುಗಿದಳು. ಪಕ್ಕದ ಕುರ್ಚಿಯ ಹೆಂಗಸು ಕಣ್ಣೊರೆಸಿಕೊಳ್ಳುತ್ತ, "ಎಷ್ಟು ಚೆಂದ ಹಾಡಿದ್ಲಲ್ರಿ ಆ ಹುಡುಗಿ! ಯಾರ ಮಗಳೋ ಏನೋ" ಎಂದಳು.

"ಅದು ನನ್ನ ದನಿರಿ" ಎಂದಳು ವಿರುಪಮ್ಮ.

ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮಾಸಿದ ಸೀರೆ, ತೊಡೆಯ ಮೇಲಿನ ತಗಡಿನ ಪೆಟ್ಟಿಗೆ, ಒದ್ದೆ ಕಣ್ಣು ಎಲ್ಲವನ್ನೂ ನೋಡಿದಳು. "ಹೌದೇನವ್ವ, ಆತು ಆತು" ಎಂದು ಸಮಾಧಾನ ಮಾಡುವವಳಂತೆ ನಕ್ಕು, ತನ್ನ ಕೈಚೀಲವನ್ನು ಈ ಕಡೆಯಿಂದ ಎತ್ತಿ ಆಚೆ ಮಗ್ಗುಲಿಗೆ ಇಟ್ಟುಕೊಂಡಳು.