ಪೆಡಲ್ ತುಳಿಯಬೇಡ

ನನ್ನ ತಂಗಿಯ ಗಂಡ ಕಲಾವಿದರು. ಈ ಬಹುವಚನ ಗೌರವಕ್ಕಲ್ಲ, ಹೊಟ್ಟೆಯುರಿಗೆ. ಎಂಟು ವರ್ಷ ಕುಂಚ ಮುಟ್ಟದವರನ್ನು ಕಲಾವಿದರು ಎನ್ನುವುದಾದರೆ ಒಲೆ ಹಚ್ಚಲು ಬಾರದ ನಮ್ಮ ಯಜಮಾನರನ್ನು ಅಡುಗೆಯವರು ಎನ್ನಬಹುದು.

ಈ ಎಂಟು ವರ್ಷಕ್ಕೆ ಕಲಾವಿದರಿಟ್ಟ ಹೆಸರು ಬಿಡುವು. ಮೊದಲು ಕಿಟಕಿಯ ಬೆಳಕು ಸರಿಯಿಲ್ಲ ಎಂದರು. ಆಮೇಲೆ ಪಕ್ಕದ ಮನೆಯ ನಾಯಿ ಬೊಗಳುತ್ತದೆ, ಮಗು ಅಳುತ್ತದೆ ಎಂದರು. ನಾಯಿ ಸತ್ತಿತು, ಮಗು ಬೆಳೆದು ಶಾಲೆಗೆ ಹೋಯಿತು, ಬೆಳಕಂತೂ ಎಲ್ಲಿಗೂ ಹೋಗಿರಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು.

ಅಷ್ಟರಲ್ಲಿ ತಂಗಿ ಅವರು ಸ್ಟುಡಿಯೋ ಎನ್ನುತ್ತಿದ್ದ ಕೋಣೆಯೊಳಗೆ ಹೊಲಿಗೆ ಯಂತ್ರ ಇಟ್ಟುಕೊಂಡಳು. ಮನೆಯಲ್ಲಿ ದೊಡ್ಡ ಕಿಟಕಿ ಇದ್ದದ್ದು ಆ ಮುಂದಿನ ಕೋಣೆಗೆ ಮಾತ್ರ. ಒಂದು ಶಾಲೆಯ ಸಮವಸ್ತ್ರದ ಕೆಲಸ ಸಿಕ್ಕಿತು. ಆ ಮನೆಯ ಅನ್ನ ಬರುತ್ತಿದ್ದದ್ದು ಅಲ್ಲಿಂದಲೇ, ಕಲಾವಿದರು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದದ್ದೂ ಸೇರಿ.

ಈ ಬಾರಿ ಶಾಲೆ ತೆರೆಯುವ ಹೊತ್ತಿಗೆ ಸರಿಯಾಗಿ ಅವರ ಹಳೆಯ ಸ್ನೇಹಿತನ ಫೋಟೋ ಪತ್ರಿಕೆಯಲ್ಲಿ ಬಂತು. ಯಾವುದೋ ಪ್ರದರ್ಶನವಂತೆ. ಇವರಿಗೆ ಊಟ ಸೇರಲಿಲ್ಲ. ಮರುದಿನವೇ ಮತ್ತೆ ಸ್ಟುಡಿಯೋಗೆ ಹೋಗುತ್ತೇನೆ ಎಂದು ಘೋಷಿಸಿದರು, ಪರದೇಶಕ್ಕೆ ಹೊರಟವರ ಹಾಗೆ. ಸ್ಟುಡಿಯೋ ಇದ್ದದ್ದು ಅವರ ಮಂಚದಿಂದ ಎರಡು ಬಾಗಿಲಾಚೆ.

ಯಂತ್ರ ಅಡುಗೆಮನೆಯ ಪಕ್ಕದ ಓಣಿಯಂಥ ಜಾಗಕ್ಕೆ ಹೋಯಿತು. ಅಲ್ಲಿ ಕಪ್ಪು ದಾರಕ್ಕೂ ನೀಲಿ ದಾರಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕೋಣೆಯ ಕಿಟಕಿ ಒರೆಸಿದ್ದು, ನೆಲ ಉಜ್ಜಿದ್ದು, ಕ್ಯಾನ್ವಾಸಿಗೆ ಮೊಳೆ ಹೊಡೆದದ್ದು ಎಲ್ಲ ತಂಗಿಯೇ. ಕಲಾವಿದರು ಕುರ್ಚಿಯಲ್ಲಿ ಕೂತು ಬಿಳಿ ಕ್ಯಾನ್ವಾಸನ್ನು ದಿನಗಟ್ಟಲೆ ನೋಡಿದರು. ಅದೂ ಇವರನ್ನು ನೋಡಿತು.

ಕೊನೆಗೊಂದು ಬೆಳಿಗ್ಗೆ ವಿಷಯ ಹೊಳೆಯಿತು. ದುಡಿಯುವ ಹೆಣ್ಣು. ಯಂತ್ರ ಮತ್ತೆ ಒಳಗೆ ಬರಲಿ ಎಂದರು. ತಂಗಿ ಪಾಪ, ಕೋಣೆ ಸಿಕ್ಕಿತೆಂದು ಹಿಗ್ಗಿಹೋದಳು. ಆದರೆ ಅವಳು ಕೂತು ಹೊಲಿಯತೊಡಗಿದ ಕೂಡಲೇ ಕಲಾವಿದರು ಕೈಯೆತ್ತಿದರು.

"ಪೆಡಲ್ ತುಳೀಬೇಡ. ನೀನು ಅಲ್ಲಾಡಿದ್ರೆ ನೆರಳೆಲ್ಲ ಅಲ್ಲಾಡುತ್ತೆ."

ಹೀಗೆ ದುಡಿಯುವ ಹೆಣ್ಣಿನ ಚಿತ್ರಕ್ಕಾಗಿ ದುಡಿಯುವ ಹೆಣ್ಣು ಕೆಲಸ ಬಿಟ್ಟು ಕೂತಳು. ಅಂಗಿಯ ಒಂದು ತೋಳನ್ನು ಸೂಜಿಯ ಕೆಳಗೆ ಹಿಡಿದು, ಕತ್ತು ಬಗ್ಗಿಸಿ, ದಿನವಿಡೀ. ಅವರು ಉಂಡು ಮಲಗಿದಾಗ ಕಳ್ಳಿಯ ಹಾಗೆ ಒಂದೆರಡು ಅಂಗಿ ಹೊಲಿಯುವಳು. ಗುಂಡಿ ಹಾಕಿಕೊಡಲು ಬಂದ ನಾನು ಇದನ್ನು ನೋಡಿ ತಡೆಯಲಾರದೆ, ಅವಳ ಕೆಲಸ ಕೆಡಿಸಿ ಅದೇನು ಚಿತ್ರ ಎಂದು ಕೇಳಿಯೇಬಿಟ್ಟೆ.

"ಅತ್ತಿಗೆ, ನಿಮಗಿದೆಲ್ಲ ಗೊತ್ತಾಗಲ್ಲ. ಅವಳ ಶ್ರಮಾನೇ ಅಲ್ವಾ ನಾನು ಬರೀತಿರೋದು," ಎಂದರು.

ಆಗಲೇ ಶಾಲೆಯ ಜವಾನ ಬಂದ. ನಾಳೆ ಬೆಳಿಗ್ಗೆ ಉಳಿದ ಅಂಗಿಗಳು ಬಾರದಿದ್ದರೆ ಈ ವರ್ಷದಿಂದ ಕೆಲಸ ಬೇರೆ ದರ್ಜಿಗೆ ಎಂದು ಹೆಡ್‌ಮಾಸ್ಟರು ಹೇಳಿಕಳಿಸಿದ್ದರು. ಜವಾನ ಹೋದ. ತಂಗಿ ಕತ್ತರಿಸಿಟ್ಟ ಬಟ್ಟೆಯ ರಾಶಿಯನ್ನು ನೋಡಿದಳು. ಆಮೇಲೆ ಪೆಡಲ್ ತುಳಿದಳು.

ಕಲಾವಿದರು ಕುಂಚ ಎಸೆದರು. ಎಂಟು ವರ್ಷದ ಮೇಲೆ ಬಂದ ಮನಸ್ಸನ್ನು ನೀನು ಕೊಂದೆ ಎಂದರು. ಅವಳು ಯಂತ್ರ ನಿಲ್ಲಿಸದೆ, ದನಿ ಏರಿಸದೆ ಮಾತಾಡಿದಳು.

"ನೀವು ಬರೀರಿ, ನಾನು ಹೊಲೀತೀನಿ. ಯಾರದು ಮೊದಲು ಮುಗಿಯುತ್ತೋ ಕೋಣೆ ಅವರದು."

ನಾನು ಗುಂಡಿ ಹಾಕತೊಡಗಿದೆ. ಅವರಿಗೂ ರೋಷ ಬಂತು, ಕುಂಚ ಹೆಕ್ಕಿಕೊಂಡು ಬಣ್ಣ ಕಲಸಿದರು, ಅಳಿಸಿದರು, ಮತ್ತೆ ಕಲಸಿದರು. ನನಗೂ ಒಂದು ಗಳಿಗೆ, ಈ ಪುಣ್ಯಾತ್ಮ ಬರೆದೇಬಿಡುತ್ತಾನೇನೋ ಎಂದು ಭಯವಾಯಿತು.

ಕತ್ತಲಾಗುವ ಮೊದಲೇ ತಂಗಿ ಕೊನೆಯ ಅಂಗಿಯ ದಾರ ಕಡಿದಳು. ಸೊಂಟ ಹಿಡಿದುಕೊಂಡು ಎದ್ದು, ಅವರ ಹಿಂದೆ ಹೋಗಿ ಚಿತ್ರ ನೋಡಿದಳು. ನಾನೂ ಹೋದೆ. ಕಿಟಕಿ ಬಂದಿತ್ತು, ಯಂತ್ರ ಬಂದಿತ್ತು, ಬಟ್ಟೆಯ ಮಡಿಕೆಗಳೂ ಚೆನ್ನಾಗಿಯೇ ಬಂದಿದ್ದವು. ಯಂತ್ರದ ಮುಂದಿನ ಕುರ್ಚಿಯಲ್ಲಿ ಮಾತ್ರ ಯಾರೂ ಇರಲಿಲ್ಲ.

"ನಿನ್ನನ್ನ ಕೊನೇಲಿ ಬರೀಬೇಕು ಅಂತಿದ್ದೆ," ಎಂದರು ಕಲಾವಿದರು.

ತಂಗಿ ಚಿತ್ರದ ಸ್ಟ್ಯಾಂಡನ್ನು ಎತ್ತಿ ಅಡುಗೆಮನೆಯ ಪಕ್ಕದ ಕತ್ತಲ ಜಾಗಕ್ಕೆ ಹೊತ್ತುಕೊಂಡು ನಡೆದಳು.